ಕುವೈತ್ ಮಮ್ಮಿ ಜಪಾನಿಗೆ ಹೋದದ್ದು

ಕಳೆದ ತಿಂಗಳು ಪರ್ತ್ ಅಂಚಿನ ನಮ್ಮ ಎಲೆನ್‌ಬ್ರೂಕಿನಲ್ಲಿ ಒಂದು ಫ್ಯೂನರಲ್ ಆಯಿತು. ಪೂಜೆ ಮುಗಿದು, ಚರ್ಚಿನ ಹಾಲ್‌ನಲ್ಲಿ ಟೀ ಕಪ್ಪು ಹಿಡಿದು ನಿಂತಿದ್ದಾಗ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಅಲ್ಲಿದ್ದವರೆಲ್ಲ ತೀರಿಹೋದವರು ಹೇಳಿದ ಮಾತನ್ನಲ್ಲ, ಕೇಳಿದ ಪ್ರಶ್ನೆಯನ್ನು ನೆನೆಸಿಕೊಳ್ಳುತ್ತಿದ್ದರು. ಕೆಮಿಸ್ಟ್ ಅಂಗಡಿಯ ಹೆಂಗಸಿಗೆ ಅವರು, "ನಿನಗೇ ಜ್ವರ ಬಂದರೆ ಯಾವ ಮಾತ್ರೆ ತಗೊಳ್ತೀ? ಅದನ್ನೇ ಕೊಡು" ಅಂದಿದ್ದರಂತೆ. ಪಾದ್ರಿಯವರು ಇನ್ನೂ ಚೆನ್ನಾಗಿ ಹೇಳಿದರು. ಪಾಪನಿವೇದನೆಗೆ ಬಂದು, ತನ್ನದನ್ನು ಚುಟುಕಾಗಿ ಮುಗಿಸಿ, "ಫಾದರ್, ದಿನಾ ಇದೇ ಪಾಪಗಳನ್ನು ಕೇಳಿ ನಿಮಗೆ ಬೇಜಾರು ಬರುದಿಲ್ವಾ?" ಎಂದು ಕೇಳಿದ್ದರಂತೆ. "ಕ್ಷಮೆ ಕೊಡುವುದು ಸುಲಭವಾಯಿತು, ಉತ್ತರ ಕೊಡುವುದು ಕಷ್ಟವಾಯಿತು" ಎಂದು ಪಾದ್ರಿ ನಕ್ಕರು.

ಅವರು ನನ್ನ ನೆರೆಯವರು. ಹೆಸರು ಬರೆಯುವುದಿಲ್ಲ, ಅವರ ಮಗಳು, ತಂಗಿ ಇಬ್ಬರೂ ಇದ್ದಾರೆ, ಅವರಿಗೆ ಮುಜುಗರ ಬೇಡ. ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆತನ. ಹೆರಿಗೆ ವಾರ್ಡಿನ ನರ್ಸ್ ಆಗಿ ಮೊದಲು ಕುವೈತ್, ಆಮೇಲೆ ಪರ್ತ್. ರಿಟೈರ್ ಆದಮೇಲೂ ಕೈಗಳು ಸುಮ್ಮನಿರುತ್ತಿರಲಿಲ್ಲ. ಮಾತಾಡುತ್ತ ಮಾತಾಡುತ್ತ ನಮ್ಮ ಮುಂಗೈ ಹಿಡಿದು ನಾಡಿ ನೋಡಿಬಿಡುವರು. ಪ್ರಶ್ನೆ ಬರುವ ಮುಂಚೆ ಕನ್ನಡಕ ಹಣೆಯ ಮೇಲೆ ಹೋಗುತ್ತಿತ್ತು. ಕನ್ನಡಕ ಏರಿತು ಅಂದರೆ ನಾವು ಹುಷಾರಾಗಬೇಕು.

ನಾನಾದರೋ ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಪರ್ಸನಲ್ ಕ್ವೆಶ್ಚನ್ಸ್ ಕೇಳುವುದು ಬ್ಯಾಡ್ ಮ್ಯಾನರ್ಸ್ ಎಂದು ನಮ್ಮ ಮದರ್ ಸುಪೀರಿಯರ್ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಬಡಿದು ಕಲಿಸಿದ್ದರು. ಇಂಥ ನಾನು ಅವರ ಕೈಗೆ ಸಿಕ್ಕಿದ್ದು ಪರ್ತ್ ಸಿಟಿಯ ಪುಕ್ಕಟೆ ಬಸ್ಸಿನಲ್ಲಿ. ಆಗ ನಾನು ಇನ್ನೂ ಕೆಲಸಕ್ಕೆ ಹೋಗುತ್ತಿದ್ದೆ. ಫೋನ್ ಮುಗಿಸಿ ಬ್ಯಾಗಿಗೆ ಹಾಕುತ್ತಿದ್ದಂತೆ ಹಿಂದಿನ ಸೀಟಿನಿಂದ ಒಂದು ತಲೆ ಮುಂದೆ ಬಾಗಿತು.

"ನೀವು ಈಗ ಅಯ್ಯೋ ಅಂದ್ರಿ. ಮೈಸೂರಿನ ಅಯ್ಯೋ. ಹೌದಾ?"

ಹೌದೆಂದೆ. ಎರಡು ಸ್ಟಾಪ್ ದಾಟುವುದರೊಳಗೆ ನನ್ನ ಶುಗರ್, ನನ್ನ ಮಂಡಿ, ನನ್ನ ಸೊಸೆ ಎಲ್ಲ ವಿಚಾರಣೆಯಾಯಿತು. ಗಂಡ ತೀರಿಹೋಗಿ ವರ್ಷವಾಯಿತು ಎಂದಾಗ ಎಲ್ಲರೂ ಹೇಳುವ ಹಾಗೆ ಪಾಪ ಅನ್ನಲಿಲ್ಲ. ಕನ್ನಡಕ ಹಣೆಗೇರಿಸಿ, "ಈಗ ಹಾಸಿಗೆಯ ಯಾವ ಬದಿಯಲ್ಲಿ ಮಲಗುದು ನೀವು?" ಎಂದರು.

ನನಗೆ ಸಿಟ್ಟೇ ಬಂತು. ಮನೆಗೆ ಹೋಗಿ ನೋಡಿದರೆ ಅಷ್ಟು ದೊಡ್ಡ ಮಂಚದಲ್ಲಿ ನನ್ನ ಅಂಚಿನ ಒಂದು ಮೊಳ ಮಾತ್ರ ಸುಕ್ಕಾಗಿತ್ತು. ಅದನ್ನು ಗಮನಿಸಿದವರು, ಕೇಳಿದವರು ಯಾರೂ ಇರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಮುಂದಿನ ವಾರ ಅದೇ ಬಸ್ಸಿನಲ್ಲಿ ನಾನೇ ಅವರನ್ನು ಹುಡುಕಿದೆ. ಕೆಲವು ತಿಂಗಳಲ್ಲಿ, ನಮ್ಮ ಬೀದಿಯಲ್ಲಿ ಯೂನಿಟ್ ಮನೆ ಖಾಲಿಯಿದೆಯಾ ಎಂದು ಹತ್ತು ಜನರನ್ನು ಕೇಳಿ, ಅವರು ಎಲೆನ್‌ಬ್ರೂಕಿಗೇ ಬಂದುಬಿಟ್ಟರು.

ಇಷ್ಟು ಕೇಳುವವರು ತಮ್ಮ ಬಗ್ಗೆ ಹೇಳಲೂ ಅಂಜುತ್ತಿರಲಿಲ್ಲ. ಮದುವೆಯಾದ ಎರಡನೇ ವರ್ಷ ಗಂಡ ತೀರಿಕೊಂಡರು. ಮಗಳು ಇನ್ನೂ ಬೋರಲಾಗಲು ಕಲಿಯುತ್ತಿದ್ದ ಕೂಸು. ಕುವೈತಿನ ವೀಸಾ ಬಂತು. ಮಗುವನ್ನು ತಂಗಿಯ ಮಡಿಲಲ್ಲಿಟ್ಟು ಹೊರಟರು. ವರ್ಷಕ್ಕೊಮ್ಮೆ ರಜೆಯಲ್ಲಿ ಚಾಕಲೇಟು, ಫ್ರಾಕು ಹೊತ್ತು ಬರುವಷ್ಟರಲ್ಲಿ ಮಗಳಿಗೆ ಮಮ್ಮಿ ಅಂದರೆ ತಂಗಿ. ಇವರು ಕುವೈತ್ ಮಮ್ಮಿ. ಪರ್ತ್‌ಗೆ ಬಂದು ನೆಲೆಯೂರಿದ ಮೇಲೆ ಮಗಳನ್ನು ಕರೆಸಿಕೊಂಡರು. ಹದಿಹರೆಯದ ಹುಡುಗಿ ಒಂದು ವರ್ಷ ಬಾಗಿಲು ಹಾಕಿಕೊಂಡು ಕೂತು, ತಂಗಿಯ ಸಂಸಾರ ಅಡಿಲೇಡಿಗೆ ಬಂದದ್ದೇ ತಡ, ಅಲ್ಲಿಗೆ ಹೊರಟುಹೋದಳು. ಅಲ್ಲಿಯ ಕಿಲ್ಬರ್ನ್‌ನ ಚಿಕ್ಕ ಮನೆಯಲ್ಲಿ ತಂಗಿಯ ಮಕ್ಕಳ ಜೊತೆ ಒಂದೇ ರೂಮಿನಲ್ಲಿ ಬೆಳೆದು, ಓದಿ, ಕೆಲಸ ಹಿಡಿದು ಬ್ರಿಸ್ಬೇನಿಗೆ ಹೋದಳು.

"ಒಬ್ಬಳು ಪರ್ತ್, ಒಬ್ಬಳು ಅಡಿಲೇಡ್, ಒಬ್ಬಳು ಬ್ರಿಸ್ಬೇನ್," ಅವರು ಮೇಜಿನ ಮೇಲೆ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ, ಟೀ ಕಪ್ಪು ಇಟ್ಟು ತೋರಿಸುತ್ತಿದ್ದರು. "ನಡುವಿನಲ್ಲಿ ಎಂತ ಉಂಟು ಹೇಳಿ? ಬರೀ ಮರುಭೂಮಿ."

ಮಗಳು ಗರ್ಭಿಣಿಯಾದ ಸುದ್ದಿ ಬಂದದ್ದು ತಂಗಿಯ ಮೂಲಕ. ಬಾಣಂತನಕ್ಕೆ ಬ್ರಿಸ್ಬೇನಿಗೆ ಹೋಗುವವಳೂ ತಂಗಿಯೇ ಎಂದು ತೀರ್ಮಾನವಾಗಿತ್ತು. ಇವರು ಧೈರ್ಯ ಮಾಡಿ ಮಗಳಿಗೆ ಫೋನ್ ಮಾಡಿ, ನಾನೂ ಬರ್ಲಾ ಎಂದರು. "ನೋ ನೀಡ್. ಮಮ್ಮಿ ಈಸ್ ಕಮಿಂಗ್. ಯೂ ರೆಸ್ಟ್" ಎಂಬ ಉತ್ತರ ಬಂತು. ಸಿಟ್ಟಿನ ಉತ್ತರವಲ್ಲ, ಒಬ್ಬ ಆಂಟಿಗೆ ಕೊಡುವ ಪೊಲೈಟ್ ಉತ್ತರ. ಎಷ್ಟೋ ಊರಿನ ಎಷ್ಟೋ ಹೆಣ್ಣುಗಳ ಹೆರಿಗೆ ಮಾಡಿಸಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವರು ನನ್ನ ಕಿಚನ್ನಿನಲ್ಲಿ ಆ ಮಧ್ಯಾಹ್ನ ಪೂರ್ತಿ ಕೂತಿದ್ದರು. ಏನನ್ನೂ ಕೇಳಲಿಲ್ಲ. ನನಗೆ ಭಯವಾಯಿತು.

ಮಾರನೆಯ ವಾರ ಬಂದು, "ಜಪಾನಿಗೆ ಹೋಗುವ" ಎಂದರು.

"ಯಾಕ್ರೀ ಜಪಾನು?"

"ಟೀವಿಯಲ್ಲಿ ನೋಡಿದೆ. ಮಿಯಾಜಾಕಿ ಅಂತ ಒಂದು ಕರಾವಳಿ. ಒಳ್ಳೆ ಬಿಸಿಲಂತೆ. ಹೆಜ್ಜೆಗೊಂದು ದೇವರ ಕತೆಯಂತೆ."

"ಪರ್ತ್‌ನಲ್ಲಿದ್ದುಕೊಂಡು ಬಿಸಿಲು ನೋಡೋಕೆ ಜಪಾನಿಗೆ ಹೋಗ್ತಾರಾ?"

"ಕತೆ ಇಲ್ಲದ ಬಿಸಿಲಲ್ವಾ ಇಲ್ಲಿದ್ದು? ಇಲ್ಲಿಯ ಕತೆ ಯಾರ ಹತ್ರ ಕೇಳುದು? ಗೊತ್ತಿದ್ದ ಮೂಲನಿವಾಸಿಗಳನ್ನು ಓಡಿಸಿ ಆಗಿದೆ."

ಅವರು ಆರಿಸಿದ ವಾರ ಮಗಳ ಡ್ಯೂ ಡೇಟಿನ ಆಸುಪಾಸಿನದು ಎಂದು ನನಗೆ ಗೊತ್ತಾಗದೆ ಇರಲಿಲ್ಲ. ಫೋನಿನ ಮುಂದೆ ಕಾಯುತ್ತ ಕೂರುವುದಕ್ಕಿಂತ ದೇಶ ಬಿಟ್ಟು ಹೋಗುವುದು ವಾಸಿ ಅನ್ನಿಸಿರಬೇಕು. ನಾನು ಪಾಸ್‌ಪೋರ್ಟ್ ಹುಡುಕಿದೆ.

ಮಿಯಾಜಾಕಿ ನಿಜವಾಗಿಯೂ ಬಿಸಿಲ ನಾಡು. ಏರ್‌ಪೋರ್ಟಿನಿಂದ ಹೊರಬಿದ್ದರೆ ರಸ್ತೆಯುದ್ದ ತಾಳೆಮರಗಳು, ಒಂದು ಮಗ್ಗುಲಿಗೆ ನೀಲಿ ಸಮುದ್ರ. ದಡದ ಬಂಡೆಗಳು ಬಟ್ಟೆ ಒಗೆಯುವ ಕಲ್ಲಿನ ಹಾಗೆ ಸಾಲು ಸಾಲು ಗೆರೆ ಗೆರೆ. "ಉಳ್ಳಾಲದ ಹಾಗೇ ಉಂಟು," ಎಂದರು. ಒಂದು ಕ್ಷಣ ಬಿಟ್ಟು, "ಆದರೆ ಗಲಾಟೆ ಎಲ್ಲಿ?" ಎಂದರು. ಅಂಗಡಿಯಲ್ಲಿ ಒಂದೊಂದೇ ಮಾವಿನಹಣ್ಣನ್ನು ಒಡವೆಯ ಹಾಗೆ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದರು. ಅಲ್ಲಿಯ ಹೆಮ್ಮೆಯ ಹಣ್ಣಂತೆ. ಇವರು ಕನ್ನಡಕ ಏರಿಸಿ ಮಾರುವಾಕೆಯನ್ನು ಕೇಳಿದರು, "ಇದನ್ನು ಮಿಡಿಯಿರುವಾಗಲೇ ಕೊಯ್ದು ಉಪ್ಪಿನಕಾಯಿ ಹಾಕುದಿಲ್ವಾ?" ನಮ್ಮ ಗೈಡ್ ಅದನ್ನು ಜಪಾನೀ ಭಾಷೆಗೆ ತಿರುಗಿಸಿದಾಗ ಆ ಹೆಂಗಸು, ನೀವು ಶಿಶುಹತ್ಯೆಯ ಮಾತಾಡುತ್ತಿದ್ದೀರಿ ಎಂಬ ಹಾಗೆ ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡಳು.

ಗೈಡ್ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು. ಬಿಳಿಯ ಕೈಗವಸು, ಮಡಿಸಿದ ಛತ್ರಿ, ನಿಂತಲ್ಲೇ ನಡು ಬಗ್ಗಿಸುವ ಮರ್ಯಾದೆ. ಪಾಪ, ಇವರ ಕೈಗೆ ಸಿಕ್ಕಿದ್ದರು. ಸೂರ್ಯದೇವಿ ತಮ್ಮನ ಮೇಲೆ ಮುನಿಸಿಕೊಂಡು ಗುಹೆಗೆ ಹೋಗಿ ಬಂಡೆ ಮುಚ್ಚಿಕೊಂಡದ್ದು, ಜಗತ್ತೆಲ್ಲ ಕತ್ತಲಾದದ್ದು, ಹೊರಗೆ ದೇವರುಗಳು ಕುಣಿದು ನಕ್ಕು ಅವಳನ್ನು ಇಣುಕಿಸಿದ್ದು, ಎಲ್ಲ ಕಾರಿನಲ್ಲೇ ಹೇಳಿದರು.

"ಒಳಗೆ ಊಟಕ್ಕೆ ಎಂತ ಮಾಡಿದಳು?"

ಮೇಷ್ಟ್ರು ಯೋಚಿಸಿದರು. "ಪುಸ್ತಕದಲ್ಲಿ ಇಲ್ಲ, ಮೇಡಂ."

"ಹೊರಗೆ ಬಂದ ಮೇಲೆ ತಮ್ಮನ ಹತ್ರ ಮಾತು ಬಿಟ್ಟಳಾ?"

"ಒನ್ ಮೋಮೆಂಟ್ ಪ್ಲೀಸ್" ಎಂದು ಮೇಷ್ಟ್ರು ಯಾರಿಗೋ ಫೋನ್ ಮಾಡಿ ವಿಚಾರಿಸಿದರು. ಆ ಮನುಷ್ಯನಿಗೂ ಸ್ವಾರಸ್ಯ ಹತ್ತಿತ್ತು ಎಂದು ನನಗನ್ನಿಸಿತು. ಇಷ್ಟು ವರ್ಷ ಹೇಳಿದ ಕತೆಯನ್ನು ಯಾರೋ ಮೊದಲ ಸಲ ಕೇಳುತ್ತಿದ್ದರು.

ಮೂರನೆಯ ದಿನ ಸಮುದ್ರದ ಅಂಚಿನ ಗುಹೆಯೊಳಗಿನ ಗುಡಿಗೆ ಹೋದೆವು. ಗುಡಿಗೆ ಹತ್ತಿ ಹೋಗುವುದು ನಮಗೆ ಗೊತ್ತು. ಇಲ್ಲಿ ಮೆಟ್ಟಿಲಿಳಿದು ಹೋಗಬೇಕು. ಮೊದಲಿಗೆ ಕೆಂಪು ದ್ವಾರ. ನಾವಿಬ್ಬರೂ ಯೋಚನೆಯನ್ನೇ ಮಾಡದೆ ಅಲ್ಲೇ ಚಪ್ಪಲಿ ಬಿಟ್ಟೆವು. ಮೇಷ್ಟ್ರು ಮುಂದೆ ಹೋಗಿದ್ದರು, ನೋಡಲಿಲ್ಲ. ನಾನು ದೇವಸ್ಥಾನದ ಅಭ್ಯಾಸದವಳು ಸರಿ, ನೀವ್ಯಾಕ್ರೀ ಬಿಟ್ರಿ, ಚರ್ಚಿಗೆ ಬೂಟು ಹಾಕ್ಕೊಂಡೇ ಹೋಗ್ತೀರಲ್ಲ ಎಂದರೆ, "ಹೋದಲ್ಲಿಯ ದೇವರಿಗೆ ಮರ್ಯಾದೆ ಕೊಡುದು ಬೇಡ್ವಾ?" ಎಂದರು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಇಬ್ಬರು ಮುದುಕಿಯರು ಸ್ಸ್ ಸ್ಸ್ ಎನ್ನುತ್ತ ಕುಪ್ಪಳಿಸಿ ಇಳಿಯುವುದನ್ನು ಬೂಟು ಹಾಕಿಕೊಂಡ ಜಪಾನೀ ಸಂಸಾರಗಳು ದಾರಿ ಬಿಟ್ಟು ನೋಡಿದವು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಗುಹೆಯ ಒಳಗೆ ತಂಪು. ಮೇಷ್ಟ್ರು ದನಿ ತಗ್ಗಿಸಿ ಕತೆ ಹೇಳಿದರು. ಸಮುದ್ರರಾಜನ ಮಗಳು ಹೆರಿಗೆಗೆ ದಡಕ್ಕೆ ಬಂದಳು. ನೀರುಕಾಗೆಯ ಗರಿ ಹೊದಿಸಿದ ಗುಡಿಸಲು. ನೋಡಬೇಡ ಎಂದು ಗಂಡನಿಗೆ ಹೇಳಿದ್ದಳು, ಅವನು ನೋಡಿದ. ಹೆರುವ ಹೊತ್ತಿಗೆ ಅವಳು ತನ್ನ ನಿಜರೂಪದಲ್ಲಿ, ಒಂದು ಸಮುದ್ರಪ್ರಾಣಿಯಾಗಿ ಹೊರಳಾಡುತ್ತಿದ್ದಳು. ನಾಚಿಕೆಯಿಂದ ಮಗುವನ್ನು ಬಿಟ್ಟು ನೀರಿಗೆ ಹಿಂದಿರುಗಿದಳು. ಹೋಗುವಾಗ ಮಗುವಿಗೆಂದು ತನ್ನ ಮೊಲೆಗಳನ್ನು ಈ ಗೋಡೆಗೆ ಅಂಟಿಸಿ ಹೋದಳು.

ಅಲ್ಲಿ ಎರಡು ಉಬ್ಬಿದ ಕಲ್ಲು. ಅವುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊಟ್ಟೆ ದೊಡ್ಡದಾದ ಹುಡುಗಿಯರು, ಕೂಸು ಕಟ್ಟಿಕೊಂಡ ತಾಯಂದಿರು ಸಾಲಾಗಿ ಬಂದು ಕೈ ತಟ್ಟಿ ತಲೆ ಬಾಗಿಸುತ್ತಿದ್ದರು.

ಅವರು ಬಹಳ ಹೊತ್ತು ಆ ತೊಟ್ಟನ್ನೇ ನೋಡಿದರು. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, "ಕುವೈತಿನಲ್ಲಿ ವಾರ್ಡಿನಲ್ಲಿ ಯಾರ ಮಗು ಅತ್ತರೂ ನನ್ನ ಯೂನಿಫಾರ್ಮ್ ಒದ್ದೆ ಆಗ್ತಿತ್ತು. ಮೇಟ್ರನ್ ಬೈದಳು, ಡಿಸಿಪ್ಲಿನ್ ಇಲ್ಲ ಅಂತ. ಇಲ್ಲಿ ನೋಡಿ, ಕೈ ಮುಗೀತಾರೆ" ಎಂದರು.

ಅವರು ಮೇಷ್ಟ್ರ ಕಡೆ ತಿರುಗಿದರು. "ಮಗುವನ್ನು ಸಾಕಿದ್ದು ಯಾರು ಮತ್ತೆ? ಕಲ್ಲು ಎಣ್ಣೆ ಹಚ್ಚಿ ಮೀಯಿಸ್ತದಾ?"

"ತಂಗಿ, ಮೇಡಂ. ಸಮುದ್ರರಾಜನ ಮಗಳು ತನ್ನ ತಂಗಿಯನ್ನು ಕಳಿಸಿದಳು. ತಂಗಿ ಸಾಕಿದಳು. ಆಮೇಲೆ..." ಮೇಷ್ಟ್ರು ಕೆಮ್ಮಿದರು. "ಆಮೇಲೆ ಆ ಹುಡುಗ ದೊಡ್ಡವನಾಗಿ ಆ ಚಿಕ್ಕಮ್ಮನನ್ನೇ ಮದುವೆಯಾದ."

"ಅದು ಬೇಡ. ಅದಕ್ಕಿಂತ ಹಿಂದೆ ಬನ್ನಿ." ಕನ್ನಡಕ ಹಣೆಗೇರಿತ್ತು. "ತಂಗಿ ಎಂತ ಹೇಳಿದಳು? ಹ್ಞೂಂ ಅಂದಳಾ, ಅತ್ತಳಾ? ಅವಳಿಗೂ ಸಮುದ್ರದಲ್ಲಿ ಅವಳದ್ದೇ ಎಂತದೋ ಇತ್ತಲ್ಲ, ಬಿಟ್ಟು ಬರಲಿಕ್ಕೆ?"

"ತಂಗಿಯ ಮಾತು ಕತೆಯಲ್ಲಿ ಇಲ್ಲ."

"ಅವಳನ್ನು ಯಾರೂ ಕೇಳ್ಲಿಲ್ಲ?"

"ಇಲ್ಲ, ಮೇಡಂ. ಯಾರೂ ಕೇಳಿಲ್ಲ."

ಗುಹೆಯ ಹೊರಗೆ ಒಂದು ಆಚರಣೆಯಿದೆ. ಮಣ್ಣಿನ ಗುಳಿಗೆಗಳನ್ನು ಕೆಳಗಿನ ಬಂಡೆಯ ಮೇಲಿನ ಹಗ್ಗದ ಬಳೆಯೊಳಗೆ ಎಸೆಯಬೇಕು. ಒಳಗೆ ಬಿದ್ದರೆ ಅಂದುಕೊಂಡದ್ದು ಆಗುತ್ತದೆ. ಅವರು ತಮ್ಮ ಪಾಲಿನ ಗುಳಿಗೆಗಳನ್ನೂ ನನ್ನ ಕೈಗೆ ಹಾಕಿದರು. "ನೀವು ಎಸೀರಿ. ನನಗೆ ಬೇಕಾದ್ದು ಎಸೆದು ಸಿಗುವಂಥದ್ದಲ್ಲ." ನನ್ನವು ಒಂದೂ ಬೀಳಲಿಲ್ಲ.

ಹಿಂದಿರುಗಿ ಬಂದರೆ ದ್ವಾರದ ಬಳಿ ಚಪ್ಪಲಿಗಳಿಲ್ಲ. ಕದಿಯುವ ಊರಲ್ಲ ಅದು. ಯಾರೋ ಪಾಪ ಮರೆತು ಹೋಗಿದ್ದಾರೆ ಎಂದು ಯಾರೋ ಎತ್ತಿ ಕಚೇರಿಗೆ ಒಪ್ಪಿಸಿದ್ದರು. ಇಲ್ಲಿ ಚಪ್ಪಲಿ ಬಿಡುವ ಪದ್ಧತಿಯೇ ಇಲ್ಲ, ಹೇಳದೆ ಇದ್ದದ್ದು ತನ್ನ ತಪ್ಪು ಎಂದು ಮೇಷ್ಟ್ರು ನಡು ಬಗ್ಗಿಸಿ ಬಗ್ಗಿಸಿ ತರಲು ಓಡಿದರು. ನಾವು ಸಮುದ್ರದ ಕಡೆ ಮುಖ ಮಾಡಿ ಒಂದು ಬೆಂಚಿನ ಮೇಲೆ ಬರಿಗಾಲಲ್ಲಿ ಕೂತೆವು.

ಅವರು ಫೋನ್ ತೆಗೆದರು. ತಂಗಿ ಆಗಲೇ ಬ್ರಿಸ್ಬೇನಿನಲ್ಲಿ ಮಗಳ ಮನೆಯಲ್ಲಿದ್ದಳು. ಸ್ಪೀಕರ್ ಹಾಕಿ ಫೋನನ್ನು ಬೆಂಚಿನ ಮೇಲಿಟ್ಟರು. ಅಕ್ಕತಂಗಿಯರ ಮಾತು ಕೊಂಕಣಿಯಲ್ಲಿ. ನನಗೆ ಆಗ ಅರ್ಧ ಹಿಡಿದದ್ದು, ಉಳಿದರ್ಧ ಅವರೇ ಸಂಜೆ ಹೇಳಿದ್ದು, ಎರಡೂ ಸೇರಿಸಿ ಬರೆಯುತ್ತಿದ್ದೇನೆ.

"ನೋವು ಶುರುವಾಯ್ತಾ?"

"ಇಲ್ಲ. ಇಲ್ಲೇ ಸೋಫಾದಲ್ಲಿ ಬಿದ್ದುಕೊಂಡು ಫ್ಯಾನಿಗೆ ಬೈತಾ ಇದ್ದಾಳೆ. ನೀನೆಂತ ಜಪಾನಿಂದ?"

"ಒಂದು ಕೇಳ್ಲಿಕ್ಕಿತ್ತು. ನಾನು ಹೋದ ದಿನ ಅವಳಿಗೆ ಹಾಲು ಹೇಗೆ ಕುಡಿಸಿದೆ?"

ರಸ್ತೆಯಲ್ಲಿ ಪ್ರ್ಯಾಮ್ ತಳ್ಳುವ ಗುರುತಿಲ್ಲದ ಹುಡುಗಿಯರನ್ನು ನಿಲ್ಲಿಸಿ ಹಾಲು ಹೇಗೆ, ಮಗು ಸರಿಯಾಗಿ ಹಿಡೀತದಾ ಎಂದು ಕೇಳುವ ಈ ಹೆಂಗಸು ತನ್ನ ತಂಗಿಯನ್ನು ಅದನ್ನು ಕೇಳಿರಲೇ ಇಲ್ಲ ಎಂಬುದು ನನಗೆ ಆಗ ಅರ್ಥವಾಯಿತು. ಉತ್ತರಕ್ಕೆ ಹೆದರಿದ್ದರು. ಕಷ್ಟಪಟ್ಟೆ ಎಂದು ತಂಗಿ ಅಂದರೆ ಒಂದು ನೋವು. ಕಷ್ಟವೇ ಆಗಲಿಲ್ಲ ಅಂದರೆ ಇನ್ನೊಂದು.

"ಈಗ ಯಾಕೆ ಅದು?" ಎಂದಳು ತಂಗಿ.

"ಸುಮ್ಮನೆ. ಹೇಳು."

"ಬಾಟ್ಲಿ ಮುಟ್ಟಲಿಲ್ಲ ಅವಳು. ಚಮಚದಲ್ಲಿ ಕೊಟ್ಟರೆ ಉಗುಳಿದಳು. ಅತ್ತು ಅತ್ತು ದನಿಯೇ ಹೋಯ್ತು. ಕಡೆಗೆ ನೀನು ಬಾಗಿಲ ಹಿಂದೆ ಬಿಟ್ಟು ಹೋದ ನೈಟಿ ಇತ್ತಲ್ಲ, ಒಗೆಯದ್ದು, ಅದನ್ನು ನಾನು ಹಾಕ್ಕೊಂಡೆ. ಮೂಗು ಒತ್ತಿ ನೋಡಿದಳು, ಕುಡಿದಳು. ಮತ್ತೆ ಅದನ್ನು ಒಗೆಯಲೇ ಇಲ್ಲ ನಾನು. ನಿನ್ನ ವಾಸನೆ ಹೋಗುವ ತನಕ ಅದನ್ನೇ ಹಾಕ್ಕೊಂಡು ಕುಡಿಸಿದೆ. ಅಷ್ಟರಲ್ಲಿ ನನ್ನದು ಅಭ್ಯಾಸ ಆಯ್ತು ಅವಳಿಗೆ."

ಅವರ ಕನ್ನಡಕ ಕೆಳಗಿಳಿಯಿತು.

"ನೀನು ಇದನ್ನು ಒಂದು ದಿನವೂ ಹೇಳ್ಲಿಲ್ಲ," ಎಂದರು.

"ನೀನು ಕೇಳ್ಲಿಲ್ಲ."

ಆಗ ಫೋನು ಕೈ ಬದಲಾಯಿಸಿದ ಸದ್ದಾಯಿತು. ಮಗಳ ದನಿ. ಕೊಂಕಣಿ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಈಸ್ ದಟ್ ಟ್ರೂ? ನೈಟಿ ವಿಷಯ?"

"ಗೊತ್ತಿಲ್ಲ ಮಗಾ," ಎಂದರು ಅವರು. "ನಾನು ಅಲ್ಲಿರಲಿಲ್ಲ."

ನೆಪ ಹೇಳಲಿಲ್ಲ. ಗಂಡ ತೀರಿಹೋದದ್ದು, ಮನೆಯ ಪರಿಸ್ಥಿತಿ, ಒದ್ದೆಯಾದ ಯೂನಿಫಾರ್ಮು, ಯಾವುದನ್ನೂ ಎತ್ತಲಿಲ್ಲ. ಲೈನ್ ಕಟ್ಟಾಯಿತೇನೋ ಎಂದು ನಾನು ಫೋನಿನ ಕಡೆ ಬಾಗಿದೆ. ಆಮೇಲೆ ಮಗಳು ಬೇರೆಯೇ ವಿಷಯ ಎತ್ತಿದಳು. ಮಮ್ಮಿಯ ಮಂಡಿ ಪೂರಾ ಹೋಗಿದೆಯಂತೆ. ಕಾಲು ನೀಡಿ ಕೂತು ಮಗುವನ್ನು ಮೀಯಿಸುವುದೇನೋ ಆಗುತ್ತದೆ, ಆದರೆ ಬಾಣಂತಿಗೆ ಎಣ್ಣೆ ತಿಕ್ಕಿ, ಬಗ್ಗಿ ನಿಂತು ಬಿಸಿನೀರು ಹುಯ್ಯುವುದು ಆಗುವುದಿಲ್ಲವಂತೆ. ಅದೆಲ್ಲ ಬೇಡ, ಶವರ್ ಸಾಕು ಎಂದರೆ ಮಮ್ಮಿ ಕೇಳುತ್ತಿಲ್ಲವಂತೆ.

"ಸೋ," ಎಂದಳು. "ನಿಮ್ಮ ರಿಟರ್ನ್ ಫ್ಲೈಟ್ ಬ್ರಿಸ್ಬೇನ್ ಮೇಲೆ ಬರಬಹುದಾ? ಇಫ್ ಯೂ ವಾಂಟ್."

ಮೇಷ್ಟ್ರು ಎರಡು ಜೊತೆ ಚಪ್ಪಲಿಯನ್ನು ಒಂದು ಟ್ರೇಯಲ್ಲಿಟ್ಟುಕೊಂಡು ಬಂದಾಗ ಇವರು ಬೆಂಚಿನಿಂದ ಎದ್ದು ನಿಂತಿದ್ದರು. ಮೇಷ್ಟ್ರನ್ನು ಕೇಳಿದ ಮುಂದಿನ ಪ್ರಶ್ನೆಗೆ ಪುರಾಣದ ಸಂಬಂಧ ಇರಲಿಲ್ಲ. ಟಿಕೆಟ್ ಬದಲಾಯಿಸುವ ಆಫೀಸು ಎಲ್ಲಿದೆ ಎಂಬುದಾಗಿತ್ತು.

ಟೋಕಿಯೋದಲ್ಲಿ ಅವರನ್ನು ಬ್ರಿಸ್ಬೇನಿನ ವಿಮಾನಕ್ಕೆ ಹತ್ತಿಸಿ ನಾನೊಬ್ಬಳೇ ಪರ್ತ್‌ಗೆ ಬಂದೆ. ಅವರು ತಲುಪಿದ ಮರುದಿನ ಹೆರಿಗೆಯಾಯಿತು, ಹೆಣ್ಣುಮಗು. ಲೇಬರ್ ರೂಮಿನೊಳಗೆ ಹೋದದ್ದು ಅಳಿಯ ಮತ್ತು ತಂಗಿ; ಇವರು ಹೊರಗೆ ಕಾರಿಡಾರಿನಲ್ಲಿ ಕೂತಿದ್ದರು. ಅದನ್ನು ಫೋನಿನಲ್ಲಿ ಹೇಳುವಾಗ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಆಮೇಲಿನ ವಾರಗಳಲ್ಲಿ ಬಂದ ಫೋನುಗಳೆಲ್ಲ ಯುದ್ಧದ ವರದಿ. ನೀರು ಎಷ್ಟು ಬಿಸಿಯಿರಬೇಕು ಎಂದು ಅಕ್ಕತಂಗಿಯರಿಗೆ ಜಗಳ. ಮೆಂತೆ ಗಂಜಿಗೆ ಬೆಲ್ಲ ಎಷ್ಟು ಎಂದು ಜಗಳ. ಅಳಿಯ ಬ್ರಿಸ್ಬೇನಿನ ಬಿಳಿ ಹುಡುಗ, ಕುದಿಯುವ ನೀರಿನ ಪಾತ್ರೆಯನ್ನು ಕಿಚನ್ನಿನಿಂದ ಬಾತ್‌ರೂಮಿಗೆ ಹೊತ್ತು ತಂದು, "ಈಸ್ ದಿಸ್ ಲೀಗಲ್?" ಎಂದು ಕೇಳಿದನಂತೆ. "ಒಳ್ಳೆಯ ಹುಡುಗ. ಕೇಳ್ತಾನೆ," ಎಂದು ಇವರಿಂದ ಸರ್ಟಿಫಿಕೇಟ್ ಸಿಕ್ಕಿತು.

ಬಾಣಂತನ ಮುಗಿಸಿ ಬಂದ ದಿನ ನಾನೇ ಏರ್‌ಪೋರ್ಟಿಗೆ ಹೋಗಿದ್ದೆ. ತೆಳ್ಳಗಾಗಿದ್ದರು. ಕಾರಿನಲ್ಲಿ ಕೂತವರು ಸೀಟ್‌ಬೆಲ್ಟ್ ಹಾಕಿಕೊಂಡು, ಎರಡು ಅಂಗೈಗಳನ್ನೂ ಮೂಗಿಗೆ ಹಿಡಿದು ಒಂದು ಸಲ ಉಸಿರೆಳೆದುಕೊಂಡರು. ಕೊಬ್ಬರಿ ಎಣ್ಣೆಯ ವಾಸನೆ ನನಗೂ ಬಂತು. ಹೈವೇ ದಾಟಿದೆವು. ನನಗೇ ತಡೆಯಲಾಗಲಿಲ್ಲ.

"ಹೇಳ್ರೀ, ಮಗು ಯಾರ ಹಾಗಿದೆ?"

"ಸರಿಯಾಗಿ ನೋಡ್ಲಿಲ್ಲ ಮಾರಾಯ್ರೆ," ಎಂದರು.

ನಾನು ತಿರುಗಿ ನೋಡಿದೆ. ಅವರು ಕಿಟಕಿಯ ಆಚೆ ನೋಡುತ್ತಿದ್ದರು.

"ಅವಳ ಬಲ ಮೊಣಕೈಯಲ್ಲಿ ಒಂದು ಗಾಯದ ಕಲೆ ಉಂಟು. ಕಿಲ್ಬರ್ನ್‌ನಲ್ಲಿ ತಂಗಿಯ ಮನೆಯಲ್ಲಿದ್ದಾಗ ಸೈಕಲಿಂದ ಬಿದ್ದದ್ದಂತೆ. ಬೆನ್ನಿನಲ್ಲಿ, ಇಲ್ಲಿ, ಒಂದು ಮಚ್ಚೆ. ತಲೆಗೆ ನೀರು ಹುಯ್ಯುವಾಗ ಕಣ್ಣು ಗಟ್ಟಿ ಮುಚ್ಚಿಕೊಂಡು ನನ್ನ ಸೀರೆ ಹಿಡ್ಕೊಳ್ತಾಳೆ." ನನ್ನ ಕಡೆ ತಿರುಗಿ ಹೇಳಿದರು, "ಆ ಮಗುವನ್ನು ತಂಗಿ ಮೀಯಿಸಿದ್ದು. ನನಗೆ ನನ್ನ ಮಗುವನ್ನು ಮೀಯಿಸ್ಲಿಕ್ಕೆ ಇತ್ತು."